ಸಮಾಧಿಯೆಂಬ ಮಲಗುವ ಮನೆ



ಪ್ರತಿವರ್ಷ ನವೆಂಬರ್ 2ರಂದು ನಾವು ಹೂವು, ಮೇಣದಬತ್ತಿ ಹಿಡಿದು ನಮ್ಮನ್ನು ಅಗಲಿದವರ ಸಮಾಧಿಗಳ ಬಳಿಗೆ ಹೋಗುತ್ತೇವೆ. ಗುರುಗಳು ಪವಿತ್ರ ಜಲವನ್ನು ಪ್ರೋಕ್ಷಿಸಿ ಪ್ರಾರ್ಥಿಸುತ್ತಾರೆ. ಆ ಸ್ಥಳವನ್ನು ನಮ್ಮಲ್ಲಿ ಅನೇಕರು 'ಸಿಮೆಟ್ರಿ' ಎಂದೇ ಕರೆಯುವುದುಂಟು. ಇಂಗ್ಲಿಷಿನಿಂದ ನಮ್ಮ ಬಾಯಿಗೆ ಬಂದ ಈ ಪದದ ಮೂಲ ಗ್ರೀಕ್ ಭಾಷೆಯ 'ಕೊಯ್ಮೆಟೇರಿಯನ್'. ಅಂದರೆ ಮಲಗುವ ಸ್ಥಳ. ಅದೇ ಗ್ರೀಕ್ ಭಾಷೆಯಲ್ಲಿ 'ನೆಕ್ರೊಪೊಲಿಸ್' ಎಂಬ ಇನ್ನೊಂದು ಪದವಿತ್ತು. ಅದರ ಅರ್ಥ ಸತ್ತವರ ಊರು. ಆದಿಕ್ರೈಸ್ತರು ಸತ್ತವರ ಊರು ಎನ್ನಲಿಲ್ಲ, ಮಲಗುವ ಮನೆ ಎಂದರು. ಮಲಗಿದವರು ಏಳುತ್ತಾರೆ ಎಂಬ ವಿಶ್ವಾಸ ಆ ಹೆಸರಿನಲ್ಲೇ ಇದೆ.

ಈ ಮಾತನ್ನು ಅವರು ಕಲಿತದ್ದು ಪ್ರಭು ಯೇಸುವಿನಿಂದಲೇ. ಲಾಸರನು ಸತ್ತಾಗ, ತಮ್ಮ ಗೆಳೆಯನು ನಿದ್ರಿಸುತ್ತಿದ್ದಾನೆಂದು ಪ್ರಭು ಶಿಷ್ಯರಿಗೆ ಹೇಳಿದರು. ಹಾಗೆ ಹೇಳಿದ ಅವರೇ ಅವನಿಗಾಗಿ ಕಣ್ಣೀರು ಸುರಿಸಿದರು. ಸುಮಾರು ಕ್ರಿ.ಶ. 51ರಲ್ಲಿ ಸಂತ ಪೌಲರು ಥೆಸಲೋನಿಕದವರಿಗೆ ಪತ್ರ ಬರೆದಾಗ ಅಲ್ಲಿನ ವಿಶ್ವಾಸಿಗಳು ತಮ್ಮವರ ಸಾವಿನಿಂದ ಕಳವಳಗೊಂಡಿದ್ದರು. ಪೌಲರು ಅವರಿಗೆ ಅಳಬೇಡಿರೆಂದು ಹೇಳಲಿಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದರು. ಕ್ರೈಸ್ತನಿಗೆ ಕಣ್ಣೀರು ಪಾಪವಲ್ಲ. ಆದರೆ ಆ ಕಣ್ಣೀರಿನಾಚೆಗೆ ಅವನಿಗೆ ಕ್ರಿಸ್ತರು ಕಾಣುತ್ತಾರೆ.

ಈ ನಿರೀಕ್ಷೆಯನ್ನು ಅಳಿಸಿಹಾಕಲು ವೈರಿಗಳು ಪ್ರಯತ್ನಪಟ್ಟರು. ಕ್ರಿ.ಶ. 177ರಲ್ಲಿ ಇಂದಿನ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ವೃದ್ಧ ಧರ್ಮಾಧ್ಯಕ್ಷ ಪೊಥಿನುಸ್, ದಾಸಿಯಾಗಿದ್ದ ಬ್ಲಾಂದಿನಾ ಮತ್ತು ಅನೇಕರು ಹುತಾತ್ಮರಾದರು. ಅವರ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಎಸೆಯಲಾಯಿತು. ಹೀಗೆ ಮಾಡಿದರೆ ಇವರು ಮತ್ತೆ ಏಳಲಾರರು ಎಂಬುದು ಕೊಂದವರ ಲೆಕ್ಕಾಚಾರವಾಗಿತ್ತೆಂದು ಚರಿತ್ರೆಕಾರ ಯುಸೇಬಿಯುಸರು ದಾಖಲಿಸಿದ್ದಾರೆ. ಆದರೆ ಮಣ್ಣಿನಿಂದ ಮನುಷ್ಯನನ್ನು ರೂಪಿಸಿದ ದೇವರಿಗೆ ಬೂದಿ ಅಡ್ಡಿಯಾದೀತೇ? ಪುನರುತ್ಥಾನವನ್ನು ನಿರಾಕರಿಸುವ ಉದ್ದೇಶವಿಲ್ಲದಿದ್ದರೆ ದಹನಕ್ಕೆ ಅಡ್ಡಿಯಿಲ್ಲವೆಂದು ಧರ್ಮಸಭೆ 1963ರಲ್ಲಿ ಹೇಳಿದ್ದು ಈ ವಿಶ್ವಾಸದಿಂದಲೇ. ಭೂಸ್ಥಾಪನೆಗೇ ಮೊದಲ ಆದ್ಯತೆ ಎಂದೂ, ಚಿತಾಭಸ್ಮವನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಗೌರವದಿಂದ ಇರಿಸಬೇಕೆಂದೂ 2016ರಲ್ಲಿ ಮತ್ತೆ ನೆನಪಿಸಿತು.

ರೋಮ್ ನಗರದೊಳಗೆ ಶವ ಹೂಳಲು ಕಾನೂನಿನ ನಿಷೇಧವಿತ್ತು. ಆದುದರಿಂದ ಕ್ರೈಸ್ತರು ಗೋಡೆಯ ಹೊರಗೆ, ಹೆದ್ದಾರಿಗಳ ಬದಿಯ ಮೆತ್ತನೆಯ ಕಲ್ಲಿನ ನೆಲವನ್ನು ಅಗೆದು ಸುರಂಗಗಳನ್ನು ಮಾಡಿದರು. ಇವೇ ಕ್ಯಾಟಕೋಂಬುಗಳು. ಇವು ಅಡಗುತಾಣಗಳೆಂದು ನಾವು ಕತೆಗಳಲ್ಲಿ ಓದಿದ್ದೇವೆ. ನಿಜದಲ್ಲಿ ಇವು ಸಮಾಧಿ ಸ್ಥಳಗಳು, ಪ್ರಾರ್ಥನೆಯ ತಾಣಗಳು. ರೈಲಿನ ಬರ್ತುಗಳಂತೆ ಒಂದರ ಮೇಲೊಂದು ಗೂಡುಗಳು. ಅವುಗಳಲ್ಲಿ ಎಷ್ಟೋ ಎಳೆಯ ಮಕ್ಕಳವು. ಗೋಡೆಗಳ ಮೇಲೆ ಮೀನಿನ ಬಾಯಿಂದ ಹೊರಬಂದ ಯೋನ, ಎದ್ದುಬಂದ ಲಾಸರ, ಕುರಿಯನ್ನು ಹೆಗಲಿಗೇರಿಸಿಕೊಂಡ ಕುರಿಗಾಹಿ. ಅಪ್ಪಿಯಾ ಹೆದ್ದಾರಿಯ ಇಂಥ ಒಂದು ಸಮಾಧಿ ಸ್ಥಳದ ಮೇಲ್ವಿಚಾರಣೆಯನ್ನು ಸುಮಾರು 199ರಲ್ಲಿ ಪೋಪ್ ಜೆಫಿರಿನುಸರು ಕಲಿಸ್ತರಿಗೆ ವಹಿಸಿದರು. ಒಮ್ಮೆ ಗುಲಾಮರಾಗಿದ್ದ ಕಲಿಸ್ತರು ಮುಂದೆ ತಾವೇ ಪೋಪ್ ಆದರು. ಬಡವರನ್ನು ಹೂಳುವ ಖರ್ಚು ಸಭೆಯ ಕಾಣಿಕೆ ಹಣದಿಂದ ಸಲ್ಲುತ್ತಿತ್ತೆಂದು ಆ ಕಾಲದ ಬರಹಗಾರ ತೆರ್ತುಲಿಯನ್ ತಿಳಿಸುತ್ತಾರೆ.

ಸುಮಾರು 250ರಿಂದ ರೋಮ್ ಸಾಮ್ರಾಜ್ಯವನ್ನು ಭೀಕರ ಸಾಂಕ್ರಾಮಿಕ ರೋಗ ಕಾಡಿತು. ಜನರು ಸ್ವಂತದವರನ್ನೇ ಬೀದಿಗೆ ತಳ್ಳಿ ಓಡುತ್ತಿದ್ದಾಗ ಕ್ರೈಸ್ತರು ರೋಗಿಗಳ ಬಳಿ ಉಳಿದರು, ಸತ್ತವರ ಕಣ್ಣು ಮುಚ್ಚಿದರು, ದೇಹ ತೊಳೆದು ಬಟ್ಟೆ ಸುತ್ತಿ ಹೂಳಿದರು. ಹೀಗೆ ಸೇವೆ ಮಾಡುತ್ತಲೇ ಅನೇಕರು ಸತ್ತರೆಂದು ಅಲೆಕ್ಸಾಂದ್ರಿಯದ ಧರ್ಮಾಧ್ಯಕ್ಷ ಸಂತ ದಿಯೊನಿಸಿಯುಸರು ತಮ್ಮ ಪಾಸ್ಖ ಪತ್ರದಲ್ಲಿ ಬರೆದರು. ಕಾರ್ಥೇಜಿನಲ್ಲಿ ಸಂತ ಸಿಪ್ರಿಯಾನರು, ಕ್ರೈಸ್ತರಲ್ಲದವರಿಗೂ, ಹಿಂಸೆ ಕೊಟ್ಟವರಿಗೂ ನೆರವಾಗಿರೆಂದು ಜನರಿಗೆ ಬೋಧಿಸಿದರು.

257ರಲ್ಲಿ ಚಕ್ರವರ್ತಿ ವಲೇರಿಯನ್, ಕ್ರೈಸ್ತರು ಸಮಾಧಿ ಸ್ಥಳಗಳಲ್ಲಿ ಸೇರಬಾರದೆಂದು ಆಜ್ಞೆ ಹೊರಡಿಸಿದನು. ಸಭೆಯ ಬಲ ಎಲ್ಲಿದೆಯೆಂದು ಅವನಿಗೂ ಗೊತ್ತಾಗಿತ್ತು! 258ರ ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತುಸರು ಸಮಾಧಿ ಸ್ಥಳದಲ್ಲೇ ಸಿಕ್ಕಿಬಿದ್ದು ತಮ್ಮ ಸೇವಾದರ್ಶಿಗಳೊಂದಿಗೆ ಹುತಾತ್ಮರಾದರು. ಸೆಪ್ಟೆಂಬರ್ 14ರಂದು ಸಿಪ್ರಿಯಾನರೂ ಖಡ್ಗಕ್ಕೆ ಕೊರಳೊಡ್ಡಿದರು. ಎರಡು ವರ್ಷಗಳಾಗುವಷ್ಟರಲ್ಲಿ ವಲೇರಿಯನ್ ಪರ್ಷಿಯನ್ನರ ಸೆರೆಯಾಳಾದನು. ಅವನ ಮಗ ಗಲ್ಲಿಯೇನುಸ್ ಸಮಾಧಿ ಸ್ಥಳಗಳನ್ನು ಕ್ರೈಸ್ತರಿಗೆ ಹಿಂದಿರುಗಿಸಿದನು.

ಒಂದು ಶತಮಾನದ ಬಳಿಕ, ಹಳೆಯ ದೇವತೆಗಳ ಪೂಜೆಯನ್ನು ಮರಳಿ ತರಲು ಹೊರಟ ಚಕ್ರವರ್ತಿ ಜೂಲಿಯನ್ 362ರಲ್ಲಿ ತನ್ನ ಪೂಜಾರಿಯೊಬ್ಬನಿಗೆ ಪತ್ರ ಬರೆದನು. ಕ್ರೈಸ್ತರು ಬೆಳೆಯಲು ಕಾರಣವೇನೆಂಬುದನ್ನು ಅದರಲ್ಲಿ ವಿವರಿಸಿದ್ದಾನೆ. ಅಪರಿಚಿತರ ಮೇಲಿನ ಅವರ ದಯೆ ಮತ್ತು ಸತ್ತವರ ಸಮಾಧಿಗಳ ಬಗ್ಗೆ ಅವರ ಕಾಳಜಿ ಆತ ಕೊಟ್ಟ ಕಾರಣಗಳಲ್ಲಿ ಸೇರಿವೆ. ವೈರಿಯ ಬಾಯಿಂದ ಬಂದ ಈ ಸಾಕ್ಷ್ಯ ನಮ್ಮನ್ನು ಯೋಚನೆಗೆ ಹಚ್ಚಬೇಕು.

ಪ್ರಿಯ ಸಹೋದರ ಸಹೋದರಿಯರೇ, ಪುನರುತ್ಥಾನದ ವಿಶ್ವಾಸ ಅವರಿಗೆ ಭಾನುವಾರ ಬಾಯಿಪಾಠ ಒಪ್ಪಿಸುವ ಮಾತಾಗಿರಲಿಲ್ಲ. ಅದು ಅವರನ್ನು ರೋಗಿಯ ಹಾಸಿಗೆಯ ಬಳಿ ನಿಲ್ಲಿಸಿತು, ದಿಕ್ಕಿಲ್ಲದವನ ಶವಕ್ಕೆ ಹೆಗಲು ಕೊಡಿಸಿತು. 2020 ಮತ್ತು 2021ರ ಕೊರೊನಾ ದಿನಗಳಲ್ಲಿ ಹೆತ್ತವರ ಮುಖವನ್ನು ಕೊನೆಯ ಸಲ ನೋಡಲಾಗದ ನೋವನ್ನು ನಾವೂ ಉಂಡೆವು. ಆಗ ಯಾರದೋ ಮನೆಯ ಶವವನ್ನು ತಮ್ಮವರದೆಂಬಂತೆ ಮಣ್ಣು ಮಾಡಿದ ಎಲ್ಲ ಧರ್ಮಗಳ ಸ್ವಯಂಸೇವಕರನ್ನು ನಾವು ಮರೆಯಬಾರದು.

ಹಾಗಾದರೆ ನಾವು ಏನು ಮಾಡೋಣ? ಸಾಯುತ್ತಿರುವವರನ್ನು ಒಂಟಿಯಾಗಿ ಬಿಡದಿರೋಣ. ಸಕಾಲದಲ್ಲಿ ಗುರುಗಳನ್ನು ಕರೆಸಿ ಅವರಿಗೆ ಸಂಸ್ಕಾರಗಳನ್ನು ದೊರಕಿಸೋಣ. ಸಾವಾದ ಮನೆಗೆ ಮೂರನೆಯ ದಿನದ ನಂತರವೂ ಹೋಗಿ ಬರೋಣ. ಮಕ್ಕಳನ್ನು ಸಮಾಧಿಯಿಂದ ದೂರವಿಡದೆ, ಅಜ್ಜ ಅಜ್ಜಿ ಮಲಗಿರುವ ಜಾಗವನ್ನು ತೋರಿಸಿ ಅವರ ಹೆಸರು ಹೇಳಿಕೊಡೋಣ. ನಮ್ಮವರ ಸಮಾಧಿಗೆ ದೀಪ ಹಚ್ಚುವಾಗ, ಯಾರೂ ಬಾರದ ಪಕ್ಕದ ಸಮಾಧಿಗೂ ಒಂದು ದೀಪವಿಡೋಣ. ಅಲ್ಲಿ ಮಲಗಿದವರೂ ನಮ್ಮಂತೆಯೇ ಪ್ರಭುವಿನ ಕರೆಗಾಗಿ ಕಾದಿದ್ದಾರೆ. ಮರಣವನ್ನು ಜಯಿಸಿದ ಕ್ರಿಸ್ತರು ಅವರಿಗೆ ನಿತ್ಯ ವಿಶ್ರಾಂತಿಯನ್ನೂ ನಮಗೆ ದೃಢವಾದ ನಿರೀಕ್ಷೆಯನ್ನೂ ದಯಪಾಲಿಸಲಿ.