ಒಕ್ಕಲೆಬ್ಬಿಸುವುದು: ಒಂದು ಪದದ ಚರಿತ್ರೆ

ನೆಲ ಉತ್ತು ಬದುಕುವ ಸಂಸಾರಕ್ಕೆ ಕನ್ನಡದಲ್ಲಿ ‘ಒಕ್ಕಲು’ ಎಂದು ಹೆಸರು. ಒಕ್ಕಲುತನ, ಒಕ್ಕಲಿಗ ಎಂಬ ಮಾತುಗಳು ಇದರಿಂದಲೇ ಬಂದಿವೆ. ಒಡೆಯನ ಭೂಮಿಯನ್ನು ಗೇಣಿಗೆ ಮಾಡುವವನೂ ಒಕ್ಕಲು, ಒಂದು ದೇವರಿಗೆ ನಡೆದುಕೊಳ್ಳುವ ಮನೆತನವೂ ಒಕ್ಕಲು. ಹೊಸ ಜಾಗದಲ್ಲಿ ನೆಲೆಸುವುದು ಒಕ್ಕಲು ಹೂಡುವುದಾದರೆ, ಹಾಗೆ ನೆಲೆಸಿದವರನ್ನು ಹೊರಗಟ್ಟುವುದು ಒಕ್ಕಲೆಬ್ಬಿಸುವುದು.

ಹೊರಹಾಕುವುದಕ್ಕೆ ಬೇರೆ ಪದಗಳೂ ಇವೆ. ಅಧಿಕಾರಿಗೆ ಎತ್ತಂಗಡಿ, ರೌಡಿಗೆ ಗಡಿಪಾರು, ಪಕ್ಷದ ಸದಸ್ಯನಿಗೆ ಉಚ್ಚಾಟನೆ. ಇವೆಲ್ಲ ಒಬ್ಬೊಬ್ಬರಿಗೆ ಸಲ್ಲುವ ಮಾತುಗಳು. ಒಕ್ಕಲೆಬ್ಬಿಸುವಾಗ ಇಡೀ ಸಂಸಾರ ಏಳಬೇಕು. ಮಳೆ ಕೈಕೊಟ್ಟಾಗ ಜಗಳೂರು ಸೀಮೆಯ ಜನ ಕೂಲಿ ಹುಡುಕಿ ಹೋಗುವುದು ಗುಳೆ. ಗುಳೆ ಹೋದವರು ಮಳೆಯಾದರೆ ಮರಳುತ್ತಾರೆ. ‘ಎಬ್ಬಿಸು’ ಎಂಬುದು ‘ಏಳು’ ಧಾತುವಿನ ಪ್ರೇರಣಾರ್ಥಕ ರೂಪವಾದ್ದರಿಂದ, ಒಕ್ಕಲೆಬ್ಬಿಸಿದರು ಎಂದೊಡನೆ ಎಬ್ಬಿಸಿದವರು ಯಾರೆಂಬ ಪ್ರಶ್ನೆ ಏಳುತ್ತದೆ.

ಈ ಪದ ರಾಜಕೀಯದ ಮಾತಾದದ್ದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, 1951ರಲ್ಲಿ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ಗೇಣಿದಾರರು ತಕರಾರು ತೆಗೆದರು. ಒಡೆಯರು ಅವರನ್ನು ಗದ್ದೆಗೆ ಇಳಿಯಗೊಡಲಿಲ್ಲ. ಎಚ್. ಗಣಪತಿಯಪ್ಪನವರ ರೈತ ಸಂಘಟನೆಯೂ ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳೂ ಅವರ ಬೆನ್ನಿಗೆ ನಿಂತರು. ನಿಷೇಧಿಸಿದ ಗದ್ದೆಗೆ ನೇಗಿಲು ಹೊತ್ತು ಇಳಿದು ಬಂಧನಕ್ಕೊಳಗಾಗುವುದೇ ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು.

1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಗೇಣಿಗೆ ಚೀಟಿ ಇಲ್ಲದ, ಬಾಯಿಮಾತಿನಲ್ಲೇ ನಡೆಯುತ್ತಿದ್ದ ಒಕ್ಕಲುಗಳನ್ನು ಎಬ್ಬಿಸುವುದು ಸುಲಭವಾಗಿತ್ತು. ‘ತಾನಾಗಿಯೇ ಬಿಟ್ಟುಕೊಟ್ಟ’ ಎಂದು ಬರೆಸಿಕೊಂಡರೆ ಸಾಕು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ಸಾಗುವಳಿ ರುಜುವಾತು ಮಾಡಿ ಒಡೆತನ ಪಡೆಯಬಹುದಾಯಿತು.

ಅಲ್ಲಿಂದ ಮುಂದೆ ಎಬ್ಬಿಸುವ ಸ್ಥಾನಕ್ಕೆ ಬಹುಪಾಲು ಸರ್ಕಾರವೇ ಬಂತು. ಲಿಂಗನಮಕ್ಕಿ ಜಲಾಶಯ ಅದಕ್ಕೂ ಮೊದಲೇ ಶರಾವತಿ ಕಣಿವೆಯ ಊರುಗಳನ್ನು ಎಬ್ಬಿಸಿತ್ತು. ಗೋಮಾಳ, ಅರಣ್ಯದಂಚಿನಲ್ಲಿ ಮಂಜೂರಾತಿ ಇಲ್ಲದೆ ಉಳುತ್ತಿದ್ದ ಬಗರ್‌ಹುಕುಂ ಸಾಗುವಳಿದಾರರಿಗೆ ನಮೂನೆ 50, 53, 57ರ ಅರ್ಜಿಗಳೇ ಆಸರೆಯಾದವು. ಇವರನ್ನು ಎಬ್ಬಿಸುವುದನ್ನು ಕಚೇರಿ ಕಡತ ‘ಒತ್ತುವರಿ ತೆರವು’ ಎನ್ನುತ್ತದೆ. ರೈತ ಸಂಘದ ಮನವಿಪತ್ರ ‘ಒಕ್ಕಲೆಬ್ಬಿಸಬೇಡಿ’ ಎನ್ನುತ್ತದೆ. ಮೊದಲ ಮಾತಿಗೆ ಜಮೀನು ಕಾಣುತ್ತದೆ, ಎರಡನೆಯದಕ್ಕೆ ಅದರ ಮೇಲಿರುವ ಮನೆಮಂದಿ.

2006ರ ಅರಣ್ಯ ಹಕ್ಕು ಕಾಯ್ದೆ, ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲ ಎನ್ನುತ್ತದೆ. ದಾಖಲೆಯಿಲ್ಲದ ತಾಂಡಾ, ಹಟ್ಟಿಗಳ ಮನೆಗಳಿಗೆ ಹಕ್ಕುಪತ್ರ ಕೊಡಲು ಭೂಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿತು. ಹಕ್ಕುಪತ್ರ ಕೈಸೇರಿದ ಒಕ್ಕಲನ್ನು ಎಬ್ಬಿಸುವುದು ಸುಲಭವಲ್ಲ. ಅರ್ಜಿ ವಿಚಾರಣೆಯಲ್ಲೇ ಉಳಿದವರಿಗೆ ಈ ಪದದ ಭಯ ಇನ್ನೂ ತಪ್ಪಿಲ್ಲ.