ಬಸವನಗುಡಿಯಿಂದ ಬೂದಿದಿಬ್ಬಕ್ಕೆ

ತರಗತಿಯಲ್ಲಿ ಹಲ್ಮಿಡಿ ಶಾಸನದ ಪಾಠ ನಡೆದಿತ್ತು. “ಇದಕ್ಕೂ ಮುಂಚೆ ಈ ನಾಡಿನಲ್ಲಿ ಏನಿತ್ತು, ಸಾರ್?” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. “ಕಾಡು, ಕಲ್ಲು” ಎಂದೆ. ಎಲ್ಲರೂ ನಕ್ಕರು, ಹುಡುಗ ತಲೆ ತಗ್ಗಿಸಿ ಕುಳಿತ. ಗಂಟೆ ಹೊಡೆದು, ಬಸವನಗುಡಿಯ ಮನೆಯ ಹಾದಿ ಹಿಡಿದ ಮೇಲೆ ನನಗೆ ನಾಚಿಕೆಯಾಯಿತು. ಕ್ರಿ. ಶ. ೪೫೦ರ ಸುಮಾರಿನ ಶಾಸನವೊಂದನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ಅದರಾಚೆ ಇಣುಕಿದವನನ್ನು ಹಿಂದಕ್ಕೆ ಕಳಿಸಿದ್ದೆ.

ಕಲ್ಲು ಎಂದದ್ದೇನೋ ಸರಿಯೇ. ಆದರೆ ಎಂತಹ ಕಲ್ಲು! ಸುರಪುರ ಸೀಮೆಯ ಹುಣಸಗಿಯ ಬಳಿ ಇಸಾಂಪುರವೆಂಬ ಹಳ್ಳಿಯಿದೆ. ಕೆ. ಪದ್ದಯ್ಯನವರು ಅಲ್ಲಿ ೧೯೯೭ರಿಂದ ನಡೆಸಿದ ಉತ್ಖನನದಲ್ಲಿ ಹಳೆಯ ಶಿಲಾಯುಗದ ಕಾರ್ಖಾನೆಯೇ ಬೆಳಕಿಗೆ ಬಂತು. ಸುಣ್ಣಕಲ್ಲಿನ ಹಾಸನ್ನು ಎಬ್ಬಿಸಿ, ಬೇರೆ ಗಟ್ಟಿ ಕಲ್ಲಿನಿಂದ ಬಡಿದು ಕೈಗೊಡಲಿ ಮಾಡುತ್ತಿದ್ದವರ ಚಕ್ಕೆಗಳು ಉದುರಿದಲ್ಲಿಯೇ ಬಿದ್ದಿದ್ದವು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನಿಂದ ಮಾಡಿದ ಕಾಲಗಣನೆ ಸುಮಾರು ೧೨ ಲಕ್ಷ ವರ್ಷಗಳನ್ನು ಹೇಳುತ್ತದೆ. ನಮ್ಮ ಮನುಷ್ಯಜಾತಿಯ ವಯಸ್ಸೇ ಸುಮಾರು ೩ ಲಕ್ಷ ವರ್ಷ. ಎಂದರೆ ಅವರು ನಮಗಿಂತ ಹಿಂದಿನವರು. ಆದರೂ ಯಾವ ಕಲ್ಲಿಗೆ ಯಾವ ಕಲ್ಲಿನಿಂದ ಏಟು ಹಾಕಬೇಕೆಂಬ ವಿವೇಕ ಅವರಲ್ಲಿತ್ತು. ನಮ್ಮೂರಿನದೇ ಬೇಕೆನ್ನುವವರಿಗೆ ಜಾಲಹಳ್ಳಿಯಿದೆ: ಬಹು ಕಾಲದ ಮೇಲೆ ಬಂದ ಬೇಟೆಗಾರರ ಬೆಣಚುಕಲ್ಲಿನ ಪುಟ್ಟ ಅಲಗುಗಳು ಅಲ್ಲಿ ಸಿಕ್ಕಿವೆ.

ನೆಲೆನಿಂತು ಬಾಳಿದವರನ್ನು ಕಾಣಲು ಬಳ್ಳಾರಿಗೆ ಹೋಗಬೇಕು. ಕೆಲವು ವರ್ಷಗಳ ಹಿಂದೆ ನಾನೇ ಸಂಗನಕಲ್ಲಿನ ಹಿರೇಗುಡ್ಡ ಹತ್ತಿ ಬಂದಿದ್ದೆ; ಅದನ್ನು ನೆನೆದಷ್ಟೂ ನಾಚಿಕೆ ಹೆಚ್ಚಾಯಿತು. ಗುಡ್ಡದ ಕಣಶಿಲೆಯನ್ನು ಸೀಳಿಕೊಂಡು ಕರಿಕಲ್ಲಿನ ಪಟ್ಟಿಯೊಂದು ಹಾಯುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಅದನ್ನೇ ಒಡೆದು ಕೊಡಲಿ ಮಾಡಿ, ಬಂಡೆಗೆ ಉಜ್ಜಿ ನಯಗೊಳಿಸುತ್ತಿದ್ದರು. ಉಜ್ಜಿದ ಗುಣಿಗಳಲ್ಲಿ ಬೆರಳಾಡಿಸಿದರೆ ಇಂದಿಗೂ ನುಣುಪು. ಕರಿಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಸಾಲು. ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ.

ದನವೇ ಆ ಜನರ ಸಿರಿ. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳೇ ಇದಕ್ಕೆ ಸಾಕ್ಷಿ. ಹಂಪೆಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿಯೆಂದು ಜನ ತೋರಿಸುತ್ತಾರೆ. ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಕೃಷ್ಣೆಯ ಉತ್ತರದ ಉತ್ನೂರಿನಲ್ಲಿ ಅಂತಹುದೇ ದಿಬ್ಬವನ್ನು ಅಗೆಸಿದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಕಂಡವು. ದೊಡ್ಡಿಯಲ್ಲಿ ಸಗಣಿ ರಾಶಿಯಾಗಿ, ಮತ್ತೆ ಮತ್ತೆ ಉರಿದು ಆದ ದಿಬ್ಬ ಅದು. ಸಿಂಧೂ ತೀರದಲ್ಲಿ ಸುಟ್ಟ ಇಟ್ಟಿಗೆಯ ನಗರಗಳು ಮೆರೆಯುತ್ತಿದ್ದಾಗ ಇಲ್ಲಿ ಸಗಣಿ ಉರಿಯುತ್ತಿತ್ತು! ಹೀಗೆಂದು ಮೂಗು ಮುರಿಯುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತೆಕ್ಕಲಕೋಟೆಯವರು ಸತ್ತ ಕೂಸನ್ನು ಮಡಕೆಯಲ್ಲಿಟ್ಟು ತಮ್ಮ ಮನೆಯ ನೆಲದಡಿಯಲ್ಲಿಯೇ ಹೂಳುತ್ತಿದ್ದರು. ಅದನ್ನು ತಿಳಿದ ಮೇಲೆ ಆ ಜನರನ್ನು ಒರಟರೆಂದು ಕರೆಯಲು ನಾಲಗೆ ಏಳದು.

(ನಮ್ಮ ದೊಡ್ಡಬಸವಣ್ಣನಿಗೂ ಆ ಎತ್ತುಗಳಿಗೂ ನಂಟು ಹಚ್ಚುವ ಆಸೆ ನನಗೂ ಇದೆ. ಕಡಲೆಕಾಯಿ ಪರಿಷೆಯನ್ನು ಮಾತ್ರ ಅದಕ್ಕೆ ಎಳೆಯಬಾರದು. ಕಡಲೆಕಾಯಿ ಅಮೆರಿಕದಿಂದ ಬಂದದ್ದು.)

ಹಿರೇಗುಡ್ಡದ ಕೆಲವು ಭಾಗವನ್ನು ಕಲ್ಲುಗಣಿ ತಿಂದಿದೆ. ಬೂದಿದಿಬ್ಬಗಳು ಹಲವೆಡೆ ಗಾಡಿಗಟ್ಟಲೆ ಗೊಬ್ಬರವಾಗಿ ಹೊಲ ಸೇರಿವೆ. ಹಲ್ಮಿಡಿಯ ಕಲ್ಲಿಗೆ ಇದ್ದಂತೆ ಇವಕ್ಕೆ ಅಕ್ಷರವಿಲ್ಲ. ಅಕ್ಷರವಿಲ್ಲದ್ದನ್ನು ಕಾಡು, ಕಲ್ಲು ಎಂದು ತಳ್ಳಿಹಾಕುವ ಮೇಷ್ಟರುಗಳಿರುವಾಗ ಗಣಿಯವನೊಬ್ಬನನ್ನೇ ದೂರಿ ಏನು ಫಲ?

ಆ ಜನ ಬೆಳೆದದ್ದು ಕೊರಲೆ, ಹುರುಳಿ, ಹೆಸರು. ಮರುದಿನ ಹಲ್ಮಿಡಿಯನ್ನು ಮಡಿಚಿಟ್ಟು, ಆ ಹುಡುಗನನ್ನೇ ಎಬ್ಬಿಸಿ ಕೇಳಿದೆ: “ನಿಮ್ಮೂರಿನಲ್ಲಿ ಹುರುಳಿ ಬೆಳೆಯುತ್ತಾರೇನಪ್ಪ?”

“ನಮ್ಮ ಹೊಲದಲ್ಲೇ ಹಾಕಿದ್ದೇವೆ, ಸಾರ್” ಎಂದ.

ಪಾಠವನ್ನು ಅಲ್ಲಿಂದ ಮೊದಲುಮಾಡಿದೆ.