ಕಡೂರಿನ ಹುಡುಗಿ, ಡರ್ಬಿಯ ಮೈದಾನ

ಟಿವಿಯಲ್ಲಿ ಬರೋ ಮ್ಯಾಚ್ ಎಲ್ಲರೂ ನೋಡ್ತೀವಿ. ನನಗೆ ಇಷ್ಟ ಅದಕ್ಕೂ ಮುಂಚಿನ ಕಥೆ.

ವೇದಾ ಕೃಷ್ಣಮೂರ್ತಿ ಅವರನ್ನೇ ತಗೊಳ್ಳಿ. ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ. ಕಾಫಿ ಬೆಟ್ಟ ಇಳಿದರೆ ಸಿಗುವ ಬಯಲುಸೀಮೆಯ ಕಡೂರು ಅವರ ಊರು. ಕ್ರಿಕೆಟ್‌ಗಾಗಿ ಬೆಂಗಳೂರಿಗೆ ಹೋದರು, ಕರ್ನಾಟಕಕ್ಕೆ ಆಡಿದರು. 2011ರ ಜೂನ್ 30, ಇಂಗ್ಲೆಂಡಿನ ಡರ್ಬಿ. ವಯಸ್ಸು 18. ಭಾರತದ ಪರ ಮೊದಲ ಏಕದಿನ ಪಂದ್ಯದಲ್ಲೇ 51 ರನ್! ಆವತ್ತು ಎಷ್ಟು ಜನ ಗಮನಿಸಿದ್ವಿ?

2017ರ ವಿಶ್ವಕಪ್‌ನಲ್ಲಿ, ಅದೇ ಡರ್ಬಿಯಲ್ಲಿ, ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70. ಭಾರತ ಸೆಮಿಫೈನಲ್‌ಗೆ! ಲಾರ್ಡ್ಸ್ ಫೈನಲ್‌ನಲ್ಲಿ ಅವರದು 35. ನಾವು ಸೋತಿದ್ದು ಬರೀ 9 ರನ್‌ನಿಂದ. ಆಗ ಎಲ್ಲರಿಗೂ ಹೆಸರು ಗೊತ್ತಾಯ್ತು.

ಅದಕ್ಕೇ ಹೇಳೋದು, ಹುಡುಗಿಯರ ವಲಯ ಪಂದ್ಯದ ಸ್ಕೋರ್‌ಕಾರ್ಡ್ ಸಿಕ್ಕರೆ ಸುಮ್ನೆ ಸ್ಕ್ರಾಲ್ ಮಾಡ್ಬೇಡಿ. ಮೂಡಿಗೆರೆಯದೋ ಕಳಸದ್ದೋ ಒಂದು ಹೆಸರು ಅಲ್ಲಿರಬಹುದು.